ನೀರು ಏರಿದ ಮೇಲೆ ಸಭೆ

ಮಾವಾ,

ಕಟ್ಟೆ ನಿಂತಿತು! ಕುಶಲ ಸಮಾಚಾರವೆಲ್ಲ ಆಮೇಲೆ, ಮೊದಲು ಇದನ್ನು ಕೇಳು. ಹಟ್ಟಿಕೇರಿ ಗಜನಿಗದ್ದೆಗಳ ಕಟ್ಟೆ ಈ ಮಳೆಗಾಲ ಪೂರ್ತಿ ನಿಂತಿತು. ಆಷಾಢದ ಅಮಾವಾಸ್ಯೆಗೆ ಏರಿಬಂದ ಭರತಕ್ಕೂ ಜಗ್ಗಲಿಲ್ಲ. ನಿನ್ನೆ ಸಂಜೆ ಕಾರವಾರದ ಕಾಲೇಜು ಆಫೀಸಿನ ಕೆಲಸ ಮುಗಿಸಿಕೊಂಡು ಬರುತ್ತಿದ್ದವಳು ಹಟ್ಟಿಕೇರಿ ಬಂದದ್ದೇ ಬಸ್ಸಿನಿಂದ ಇಳಿದುಬಿಟ್ಟೆ. ಟಿಕೆಟ್ ಇದ್ದದ್ದು ಅಂಕೋಲೆಗೆ. "ಇಲ್ ಎಂತಕ್ಕೆ ಇಳೀತ್ರಿ ಬಾಯೋರೆ?" ಎಂದು ಕಂಡಕ್ಟರ್ ಕೇಳಿದ. "ಭತ್ತಾ ನೋಡೂಕೆ" ಎಂದೆ. ಅವನು ನನ್ನನ್ನು ಒಂದು ಥರ ನೋಡಿ ಸೀಟಿ ಊದಿದ. ನೋಡಲಿ ಬಿಡು. ಉಪ್ಪು ತಾಳುವ ಆ ಕಗ್ಗ ಭತ್ತ ಎದೆಯೆತ್ತರ ಬೆಳೆದು ತೆನೆ ಬಾಗಿಸಿ ನಿಂತಿದೆ ಮಾವಾ! ಒಂದು ಕಡೆ ಹೊಳೆಯ ಉಪ್ಪುನೀರು, ಇನ್ನೊಂದು ಕಡೆ ಭತ್ತ, ನಡುವೆ ಆ ಮಣ್ಣಿನ ಕಟ್ಟೆ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಅದರ ಮೇಲೆ ಈ ತುದಿಯಿಂದ ಆ ತುದಿಗೆ ನಡೆದೆ. ಓಡಿದೆ ಎಂದರೂ ತಪ್ಪಿಲ್ಲ. ನಲವತ್ತಾರು ವರ್ಷದ ಹೆಂಗಸು ಹಾಗೆಲ್ಲ ಓಡಬಾರದು ಎಂದು ನೀನು ಹೇಳುವವನಲ್ಲವಲ್ಲ.

ಇದೇ ಕಟ್ಟೆಯ ಮೇಲೆ ನೀನು ನನ್ನನ್ನು ಮೊದಲ ಸಲ ನಡೆಸಿದ ದಿನ ನೆನಪಿದೆಯಾ? ಪೋಸ್ಟಮನ್ ಕೆಲಸದಿಂದ ನಿವೃತ್ತಿಯಾಗಿ ಆರು ತಿಂಗಳೂ ಆಗಿರಲಿಲ್ಲ ನಿನಗೆ. ಮನೆಯಲ್ಲಿ ಕೂತಿರಲಾಗದೆ ಹಳೆಯ ಬೀಟನ್ನೇ ಹಿಡಿದು ಸೈಕಲ್ ತುಳಿಯುತ್ತಿದ್ದೆ, ಕೈಯಲ್ಲಿ ಕಾಗದ ಮಾತ್ರ ಇರಲಿಲ್ಲ. ಹಟ್ಟಿಕೇರಿಯ ರೈತರಿಗೆ ಕಟ್ಟೆಯ ಚಿಂತೆ, ಕೇಣಿಯ ಮೀನುಗಾರ ಹುಡುಗರಿಗೆ ದಂಡೆಗೆ ಬಂದು ಬೀಳುವ ಪ್ಲಾಸ್ಟಿಕ್ಕಿನ ಚಿಂತೆ, ನಮ್ಮ ಭಾವಿಕೇರಿಯ ಮಹಿಳಾ ಸಂಘಕ್ಕೆ ಬಾವಿ ಉಪ್ಪಾಗುತ್ತಿರುವ ಚಿಂತೆ. "ಎಲ್ಲಾ ಒಂದೇ ನೀರಿನ ಸುದ್ದಿ ಅಲ್ದನೆ? ಇವ್ರು ಯಾಕೆ ಬೇರೆ ಬೇರೆ ಕೂತ್ಕಂಡು ಅಳ್ತ್ರು?" ಎಂದು ನೀನು ನನ್ನನ್ನು ಕೇಳಿದ್ದೆ, ನಾನೇನೋ ಅವರನ್ನೆಲ್ಲ ಬೇರೆ ಬೇರೆ ಕೂಡಿಸಿದವಳ ಹಾಗೆ. ಹಾಗೆ ಶುರುವಾಯಿತು ಒಕ್ಕೂಟ. ನೀನು ಮಾತಾಡಿಸುವವನು, ನಾನು ಬರೆದುಕೊಳ್ಳುವವಳು.

ಒಮ್ಮೆ ನಾನು ಹೊಸ ಹಾಜರಿ ಪುಸ್ತಕ ತಂದು ನಿನ್ನೆದುರು ಇಟ್ಟಾಗ ನೀನು ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಕೆಂಪು ಗೆರೆ ಎಳೆದು, ಕ್ರಮಸಂಖ್ಯೆ ಹಾಕಿ, ಸಹಿಗೆ ಜಾಗ ಬಿಟ್ಟು ಎಷ್ಟು ಚೆಂದ ಮಾಡಿದ್ದೆ! ನೀನು ಪುಟ ತಿರುಗಿಸಿ, "ಬಂದವ್ರ ಹೆಸ್ರೇನೋ ಸಿಕ್ತು ಮಾಮಲೇದಾರ್ತಿ. ಯಾರ್ ಬರ್ಲಿಲ್ಲಾ, ಅದ್ ನೋಡಿದ್ಯಾ?" ಎಂದೆ. ಅಂದಿನಿಂದ ತಹಸೀಲ್ದಾರರ ಆ ಹಳೆಯ ಹೆಸರೇ ನನಗೆ ಬಿತ್ತು, ಕೇಣಿಯ ಹುಡುಗರೂ ಬೆನ್ನ ಹಿಂದೆ ಮಾಮಲೇದಾರ್ತಿ ಎಂದೇ ಕರೆಯತೊಡಗಿದರು. ನನಗೆ ಸಿಟ್ಟು ಬರುತ್ತಿತ್ತು. ನಿನ್ನ ರೀತಿಯೇ ನನಗೆ ಅರ್ಥವಾಗುತ್ತಿರಲಿಲ್ಲ. ಒಬ್ಬೊಬ್ಬರ ಮನೆ ಜಗಲಿಗೆ ಹೋಗಿ ಕೂರುವುದು, ಎಮ್ಮೆ ಕರು ಹಾಕಿತೋ ಇಲ್ಲವೋ ಎಂಬುದರಿಂದ ಶುರುಮಾಡಿ, ಎರಡನೇ ಚಹಾ ಬಂದ ಮೇಲೆ ಎದ್ದು ಹೊರಡುವಾಗ ಮೆಟ್ಟಿಲ ಮೇಲೆ ನಿಂತು ಒಂದೇ ಮಾತಿನಲ್ಲಿ ಕೆಲಸದ ವಿಷಯ ಹೇಳುವುದು. ಮೂರು ಊರಿಗೆ ಹೀಗೆ ಎಷ್ಟು ಚಹಾ ಕುಡಿದೀಯ? ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಹಾಕಿದರೆ ಮುಗಿಯಿತಲ್ಲ ಎಂದು ನಾನು ವಾದ ಮಾಡುತ್ತಿದ್ದೆ.

ನಿನ್ನ ಉಬ್ಬಸ ಜಾಸ್ತಿಯಾಗಿ ಅತ್ತೆ ನಿನ್ನ ಸೈಕಲ್ಲಿಗೆ ಬೀಗ ಹಾಕಿದಾಗ ಒಕ್ಕೂಟ ನನ್ನ ಕೈಗೆ ಬಂತು. ಮೊದಲ ಸಭೆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಕರೆದೆ. ನನಗೆ ರಜೆ, ಬ್ಯಾಂಕಿನವರಿಗೆ ರಜೆ, ಶಾಲೆಯವರಿಗೆ ರಜೆ. ತಿಂಡಿ ಮುಗಿದಿರುತ್ತದೆ, ಊಟದ ಹೊತ್ತಿಗೆ ಮನೆಗೆ ಹೋಗಬಹುದು. ಇದಕ್ಕಿಂತ ಒಳ್ಳೆಯ ಹೊತ್ತು ಇದೆಯಾ? ಕಟ್ಟೆಯ ಎದುರಿಗೆ, ಹೊಳೆಯ ಕಡೆಗೆ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲ ಗಿಡ ನೆಟ್ಟರೆ ಮುಂದೆ ಅದರ ಬೇರು ಅಲೆಯನ್ನು ತಡೆಯುತ್ತದೆ ಎಂದು ನಿಶ್ಚಯವಾಯಿತು. ಎಲ್ಲಿ ನೆಡುವುದು? ನಡುಹೊಳೆಗೆ ತಾಗಿ, ಇಳಿತದಲ್ಲಿ ತೆರೆದುಕೊಳ್ಳುವ ಒಂದು ದೊಡ್ಡ ಕೆಸರು ಬಯಲಿತ್ತಲ್ಲ, ಅಲ್ಲಿ. ನಾಲ್ಕು ವಾರ ಹೋಗಿ ನೋಡಿದ್ದೆ, ಒಬ್ಬರ ಹೆಜ್ಜೆ ಗುರುತೂ ಇರಲಿಲ್ಲ. ಯಾರಿಗೂ ಬೇಡವಾದ ಖಾಲಿ ಜಾಗ ಎಂದುಕೊಂಡೆ. ನಡಾವಳಿಯಲ್ಲಿ ನಾನೇ ಬರೆದೆ, "ಎಲ್ಲರೂ ಒಪ್ಪಿದರು" ಎಂದು.

ನೆಟ್ಟ ದಿನದ ಸಂಭ್ರಮ ಏನು ಕೇಳುತ್ತೀ! ನರ್ಸರಿಯಿಂದ ಸಸಿ ಬಂದಿತ್ತು, ಕಾಲೇಜಿನ ಮಕ್ಕಳು ಬಂದಿದ್ದರು, ಕೆಸರಿನಲ್ಲಿ ಬಿದ್ದವರೆಷ್ಟು, ಎದ್ದವರೆಷ್ಟು. ಮಧ್ಯಾಹ್ನದ ಹೊತ್ತಿಗೆ ಬಯಲು ತುಂಬ ಹಸಿರು ಸಾಲು. ನಿನ್ನನ್ನು ಮೊದಲೇ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಎಲ್ಲ ಮುಗಿಸಿ ನಿನಗೆ ಫೋಟೊ ತೋರಿಸಿ ಬೆರಗು ಮಾಡಬೇಕು ಎಂಬ ಹುಮ್ಮಸ್ಸು ನನಗೆ. ನೀನು ಹಾಸಿಗೆಯಲ್ಲಿ ಒರಗಿ ಕೂತು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದೆ. ಹೊಗಳಲಿಲ್ಲ. "ಬಳಚಿನ ಹೆಂಗಸ್ರು ಎಲ್ಲಿ? ಮಾದೇವಿ ಕಾಣೂದಿಲ್ಲಲ್ಲೆ?" ಎಂದೆ. ಹಿಂದೆ ಎಲ್ಲೋ ಇರಬೇಕು ಎಂದು ಹೇಳಿ ಫೋನು ತೆಗೆದುಕೊಂಡೆ.

ಮಾದೇವಿಯನ್ನು ಆಗ ನಾನು ಸರಿಯಾಗಿ ನೋಡಿಯೂ ಇರಲಿಲ್ಲ. ಇಳಿತದಲ್ಲಿ ಹೊಳೆಗೆ ಇಳಿದು ಕಾಲಿನಿಂದ ತಡಕಿ ಕೆಸರಲ್ಲಿ ಹುದುಗಿದ ಬಳಚಿನ ಚಿಪ್ಪಿ ಆರಿಸುವ ಹೆಂಗಸರಿಗೆಲ್ಲ ಅವಳು ಹಿರಿಯಳು, ಅಷ್ಟು ಗೊತ್ತಿತ್ತು. ಅವರಿಗೆ ಸಂಘವಿಲ್ಲ, ನೋಂದಣಿಯಿಲ್ಲ, ಗುಂಪಿಗೆ ಸೇರಿಸಲು ಎಲ್ಲರ ಹತ್ತಿರ ಫೋನೂ ಇಲ್ಲ. ಗಿಡ ನೆಟ್ಟು ಹದಿನೈದು ದಿನಕ್ಕೆ ಹೋಗಿ ನೋಡಿದರೆ ಬಯಲು ಬೋಳು! ಒಂದೇ ಒಂದು ಸಸಿ ಉಳಿದಿರಲಿಲ್ಲ. ದಂಡೆಯ ಮೇಲೆ ಮಾದೇವಿ ಮತ್ತು ಆರೇಳು ಹೆಂಗಸರು ಸೀರೆ ಎತ್ತಿ ಕಟ್ಟಿಕೊಂಡು ನಿಂತಿದ್ದರು, ಮುಚ್ಚಿಡುವ ಪ್ರಯತ್ನವೂ ಇಲ್ಲ.

"ನಾವೇ ಕಿತ್ತದ್ದು ಮೇಡಮ್ಮೋರೆ" ಎಂದಳು ಮಾದೇವಿ.

ನನಗೆ ಮೈಯೆಲ್ಲ ಉರಿಯಿತು. "ಸಭೆಯಲ್ಲಿ ಎಲ್ಲರೂ ಒಪ್ಪಿ ಮಾಡಿದ ಕೆಲಸ ಇದು" ಎಂದೆ.

"ಯಾವ ಸಭೆಲಿ? ಭಾನ್ವಾರ ಹನ್ನೊಂದ್ ಗಂಟಿಗೆ ನಾವು ಒಂದಾ ಹೊಳೆಲಿ ಇರ್ತ್ರು, ಇಲ್ಲಾ ಅಂಕೋಲಿ ಪ್ಯಾಟಿಲಿ ಇರ್ತ್ರು. ಭಾನ್ವಾರಕ್ಕೇ ಅಲ್ದಾ ನಿಮ್ಗೆಲ್ಲಾ ಬಳಚು ಬೇಕಾಗೂದು?"

"ಖಾಲಿ ಬಿದ್ದ ಜಾಗ ಅಲ್ಲವೇ?" ಎಂದೆ.

"ಅದು ಖಾಲಿ ಜಾಗಾ ಅಲ್ಲಾ" ಎಂದಳು ಅವಳು. "ಮರಿ ಬಳಚು ಬಲೀಲಿ ಅಂತ ನಾವೇ ಬಿಟ್ಟದ್ದು. ಈ ವರ್ಷ ಒಂದ್ರಾಗೆ ಇಳಿದ್ರೆ ಮುಂದಿನ್ ವರ್ಷ ಅದ್ರಾಗೇ ಇಳೂದಿಲ್ಲಾ. ನಮ್ ಅತ್ತೀರ ಕಾಲದಿಂದ ಹಂಗೇ ಅದೆ. ಕಾಂಡ್ಲಾ ಬ್ಯಾಡ ಅನ್ನೂದಿಲ್ಲಾ. ತುಳ್ಸಿ ಪುಣ್ಯದ್ದೇ, ಆದ್ರೆ ನಿಮ್ ಮನೆ ಒಲೆ ಮ್ಯಾನೆ ತಂದು ಯಾರಾದ್ರೂ ತುಳ್ಸಿ ನೆಟ್ರೆ ನೀವ್ ಸುಮ್ಗೆ ಇರ್ತ್ರಾ?"

ಅಷ್ಟಕ್ಕೇ ನಾನು ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ ಮಾವಾ. ಹಟ್ಟಿಕೇರಿಯ ರೈತ ಸಂಘದ ಹಿರಿಯ ತಿಮ್ಮಣ್ಣ ನನ್ನ ಪರವಾಗಿ ಕೂಗಾಡಿದ, "ಬಳಚಿನವ್ರಿಗೆ ಕಟ್ಟೆ ವಿಷ್ಯಾ ಎಂತಾ ಗುತ್ತು?" ಎಂದ. ನಾನು ಅವನನ್ನು ತಡೆಯಲೂ ಇಲ್ಲ. ಇನ್ನು ಮುಂದೆ ನಿಮ್ಮ ಒಕ್ಕೂಟದ ಹೊಸ್ತಿಲು ತುಳಿಯುವುದಿಲ್ಲ ಎಂದು ಹೆಂಗಸರು ಹೋದರು. ಕೇಣಿಯ ಹುಡುಗರಲ್ಲಿ ಅರ್ಧ ಜನರ ಅವ್ವಂದಿರು, ಅತ್ತಿಗೆಯರು ಅದೇ ಬಳಚಿನವರು, ಅವರೂ ಬರುವುದನ್ನು ನಿಲ್ಲಿಸಿದರು. ಮುಂದಿನ ಸಭೆಗೆ ಬಂದವರು ತಿಮ್ಮಣ್ಣ, ನಮ್ಮೂರಿನ ಇಬ್ಬರು ಹೆಂಗಸರು, ಮತ್ತೆ ನಾನು. ಈ ಸಲ ಕಟ್ಟೆ ಒಡೆದರೆ ಗಜನಿಯ ಆಸೆಯನ್ನೇ ಬಿಡುತ್ತೇವೆ, ಸಿಗಡಿ ಕೆರೆ ಮಾಡುವವರಿಗೆ ಕೊಟ್ಟುಬಿಡುತ್ತೇವೆ ಎಂದು ರೈತರು ಅಂದೇ ಹೇಳಿದರು. ಕಗ್ಗದ ಬೀಜ ಉಳಿದದ್ದು ಮೂರೇ ಮನೆಯಲ್ಲಿ. ನೀನು ಹತ್ತು ವರ್ಷ ಸೈಕಲ್ ತುಳಿದು ಕೂಡಿಸಿದ್ದನ್ನು ನಾನು ಒಂದು ಭಾನುವಾರದಲ್ಲಿ ಚದುರಿಸಿದ್ದೆ.

ಕಾರವಾರದ ಆಸ್ಪತ್ರೆಯಲ್ಲಿ ಆ ಸಂಜೆ... ಇದನ್ನು ಬರೆಯಬೇಕೆಂದೇ ಈ ಕಾಗದ ಹಿಡಿದದ್ದು. ಮೂಗಿಗೆ ನಳಿಕೆ ಹಾಕಿದ್ದರು, ಆದರೂ ನನ್ನನ್ನು ಕಂಡದ್ದೇ ನಿನ್ನ ಮೊದಲ ಪ್ರಶ್ನೆ ಅದೇ. "ಬಳಚಿನ ಹೆಂಗಸ್ರು ಸಭೆಗೆ ಬಂದ್ರಾ?" ನಾನು ಏನು ಹೇಳಬೇಕಿತ್ತು? ನಿನ್ನ ಎದೆ ಏರಿಳಿಯುವುದನ್ನು ನೋಡುತ್ತಾ, ಇಲ್ಲ ಮಾವಾ, ಎಲ್ಲ ಮುರಿದುಬಿಟ್ಟೆ ಎನ್ನಲೇ? "ಬಂದಿದ್ರು ಮಾವಾ, ಎಲ್ಲಾರೂ ಬಂದಿದ್ರು" ಎಂದೆ. "ಹೌದಾ? ಎಲ್ ಕೂತಿದ್ರು?" ಎಂದೆ ನೀನು. "ಮುಂದ್ಗಡೆನೇ." "ಚಾ ಕುಡದ್ರಾ?" "ಎರಡೆರಡು ಸಲ ಕುಡಿದ್ರು. ಮಾದೇವಿಯಂತೂ ನಗ್ಯಾಡಿ ನಗ್ಯಾಡಿ..." ಸುಳ್ಳಿಗೆ ಕಾಲು, ಕೈ, ಮೂಗು ಎಲ್ಲ ಅಂಟಿಸುತ್ತಾ ಹೋದೆ. ನೀನು ಕಣ್ಣು ಮುಚ್ಚಿಕೊಂಡು "ಚಲೋ ಆತು" ಎಂದೆ. ಆಮೇಲೆ ನಾನು ಬಾತ್ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮೂರನೇ ದಿನಕ್ಕೆ ನೀನು ಹೋದೆ.

ನಿನ್ನ ಹನ್ನೆರಡು ಮುಗಿದ ಮರುದಿನ ಮಾದೇವಿಯ ಮನೆಗೆ ಹೋದೆ. ನಿನಗೆ ಹೇಳಿದ ಸುಳ್ಳನ್ನು ನಿಜ ಮಾಡದೆ ನನಗೆ ಅನ್ನ ಸೇರುವ ಹಾಗಿರಲಿಲ್ಲ. ಹಾಜರಿ ಪುಸ್ತಕ ಒಯ್ಯಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ ಕಳಿಸುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಮುಖವನ್ನು ಒಮ್ಮೆ ನೋಡಿ, ಒಳಗೆ ಹೋಗಿ ಮಣೆ ತಂದು ಹಾಕಿ, "ಕೂತ್ಕಳಿ" ಎಂದಳು. ನಾನು ಕೂತ ಮೇಲೆ ಶುರುಮಾಡಿದಳು ನೋಡು! ಅಷ್ಟು ಬೈಗುಳ ನನ್ನ ಜನ್ಮದಲ್ಲಿ ತಿಂದಿರಲಿಲ್ಲ. ನಡುವೆ ಸೊಸೆ ಚಹಾ ತಂದುಕೊಟ್ಟಳು, ಮಾದೇವಿ ಬೈಯುವುದನ್ನು ನಿಲ್ಲಿಸಿ "ಸಕ್ರಿ ಸಾಕಾ?" ಎಂದು ಕೇಳಿ, ಮತ್ತೆ ಬಿಟ್ಟಲ್ಲಿಂದಲೇ ಹಿಡಿದುಕೊಂಡಳು. ನಾನು "ಹೌದು, ಹೌದು" ಎನ್ನುತ್ತಾ ಕೂತಿದ್ದೆ. ಎಲ್ಲ ಮುಗಿದ ಮೇಲೆ "ತಪ್ಪಾತು ಮಾದೇವಕ್ಕಾ" ಎಂದೆ. ಅವಳು ಎದ್ದು, "ಬಾ ಇಲ್ಲಿ" ಎಂದು ಹಿತ್ತಲಿಗೆ ಕರೆದುಕೊಂಡು ಹೋದಳು.

ಹಿತ್ತಲಿನ ಹಿಂದೆ ಭರತ ಬಂದಾಗ ಹೊಳೆನೀರು ನುಗ್ಗುವ ಒಂದು ಕಿರಿದಾದ ಕಾಲುವೆ ಇದೆ. ಅದರ ಎರಡೂ ಬದಿಯ ಕೆಸರಿನಲ್ಲಿ ನಮ್ಮ ಸಸಿಗಳು, ಮಾವಾ! ಒತ್ತೊತ್ತಾಗಿ ಊರಿಟ್ಟ ಸಸಿಗಳು, ಸುಮಾರು ಎಲ್ಲವೂ ಹೊಸ ಚಿಗುರು ಬಿಟ್ಟುಕೊಂಡು! "ಎಸೀಲಿಲ್ವಾ?" ಎಂದು ಕೇಳಿದೆ. "ಜೀವ ಇದ್ದದ್ದು, ಎಸೂಕಾಗ್ತದ್ಯಾ?" ಎಂದಳು. ಅವರಿಗೆ ಸಿಟ್ಟಿದ್ದದ್ದು ನನ್ನ ಮೇಲೆ, ಗಿಡದ ಮೇಲಲ್ಲ. ಅಲ್ಲಿಯೇ ಕಾಲುವೆಯ ದಂಡೆಯ ಮೇಲೆ ಕೂತುಬಿಟ್ಟೆ. ಅವಳೂ ಕೂತಳು. ಅಂದು ಮೊದಲ ಸಲ ನಿನಗಾಗಿ ಇನ್ನೊಬ್ಬರ ಎದುರು ಜೋರಾಗಿ ಅತ್ತೆ.

ಮರುವಾರದಿಂದ ಸಭೆಯ ಹೊತ್ತು ಬದಲಾಯಿತು. ಗಡಿಯಾರವನ್ನು ಬಿಟ್ಟೆವು. ನೀರು ಏರಿದ ಮೇಲೆ ಸಭೆ. ಹೊಳೆ ತುಂಬಿದಾಗ ಬಳಚಿನವರಿಗೂ ಕೆಲಸವಿಲ್ಲ, ಗಜನಿಯಲ್ಲಿಯೂ ಇಳಿಯುವಂತಿಲ್ಲ. ಹುಣ್ಣಿಮೆ, ಅಮಾವಾಸ್ಯೆಯ ಸುತ್ತ ಆದರೆ ಹಗಲು ಇಷ್ಟು ಹೊತ್ತು, ಅಷ್ಟಮಿಗೆ ಆದರೆ ಇಷ್ಟು ಹೊತ್ತು ಎಂದು ಮಾದೇವಿ ಬೆರಳು ಮಡಿಸಿ ಹೇಳುತ್ತಾಳೆ, ನಾನು ಅದನ್ನು ಗುಂಪಿಗೆ ಹಾಕುತ್ತೇನೆ. ಫೋನಿಲ್ಲದವರ ಮನೆಗೆ ನಡೆದುಕೊಂಡು ಹೋಗಿ ಹೇಳುತ್ತೇನೆ. ಹೌದು, ನಾನೇ! ಎರಡನೇ ಚಹಾದವರೆಗೂ ಕೂರುತ್ತೇನೆ. ಎಮ್ಮೆಯ ಸುದ್ದಿ ನನಗೆ ಈಗ ನಿನ್ನಷ್ಟೇ ಗೊತ್ತು. ನಮ್ಮ ಮನೆಯವರಿಗೆ ತಲೆಬಿಸಿ, "ಒಂದೊಂದ್ ವಾರ ಒಂದೊಂದ್ ಹೊತ್ತು, ಇದೆಂತಾ ಸಭೆ ನಿಂದು?" ಎನ್ನುತ್ತಾರೆ. ಕಾಲೇಜಿನಲ್ಲಿ ಅರ್ಧ ದಿನದ ರಜೆಗಳೆಲ್ಲ ಖರ್ಚಾದವು. ಆಗಲಿ.

ಮೊದಲ ದಿನ ಹಟ್ಟಿಕೇರಿಯ ಶಾಲೆಯ ಜಗಲಿಯಲ್ಲಿ ಹೆಂಗಸರು ಬಂದು ಕೂತಾಗ ಒಬ್ಬೊಬ್ಬರನ್ನೇ ಎಣಿಸಿದೆ. ಹದಿನೇಳು ಜನ! ಆದರೆ ಮುಂದೆ ಕೂರಲಿಲ್ಲ, ಗೋಡೆಗೆ ಒರಗಿ ಹಿಂದೆ ಕೂತರು. ತಿಮ್ಮಣ್ಣ ಕಟ್ಟೆಯ ಪಡುಬದಿಯನ್ನು ಇನ್ನೂ ಎರಡು ಮೊಳ ಎತ್ತರಿಸಬೇಕು ಎಂದು ವಿವರಿಸುತ್ತಿದ್ದ. ಪ್ರತಿ ವರ್ಷವೂ ಅದೇ ಮಾತು, ಮಣ್ಣು ತಂದು ಮೇಲೆ ಸುರಿಯುವುದು, ಆಷಾಢದಲ್ಲಿ ಅದು ತೊಳೆದು ಹೋಗುವುದು. ಹಿಂದಿನಿಂದ ಮಾದೇವಿಯ ದನಿ ಬಂತು. "ನೀವು ತಲಿಗೆ ಮಣ್ ಹಾಕ್ತ್ರಿ. ಕಟ್ಟೆ ಒಡ್ಯೂದು ಕಾಲಿಂದ."

ತಿಮ್ಮಣ್ಣ ತಿರುಗಿ ನೋಡಿದ.

"ನೀರು ಬಿಡೂ ಜಂತ್ರಡಿ ಬಾಗ್ಲು ದಾಟಿ ತಿರುವು ಬತ್ತದಲೆ, ಅಲ್ಲಿ ಇಳಿತದಾಗೆ ನಾವು ಕಾಲಾಡ್ಸೂವಾಗೆ ಅಡಿಯಿಂದ ತಣ್ಣನೆ ನೀರು ಬತ್ತದೆ. ಹೊಳೆ ನೀರು ಬೆಚ್ಚಗೆ ಇರ್ತದೆ, ಅದು ಮಾತ್ರ ತಣ್ಣಗೆ. ನಿಮ್ ಗದ್ದೆ ನೀರು ಅದು. ಅಡಿಲಿ ತೂತು ಬಿದ್ದು ಮೂರ್ನಾಕ್ ವರ್ಷಾ ಆತು."

ಮೂರ್ನಾಲ್ಕು ವರ್ಷದಿಂದ ಅವರಿಗೆ ಗೊತ್ತಿತ್ತು ಮಾವಾ! "ಮತ್ತೆ ಇಷ್ಟ್ ದಿನಾ ಎಂತಕ್ಕೆ ಹೇಳ್ಲಿಲ್ಲಾ?" ಎಂದು ತಿಮ್ಮಣ್ಣ ಕೇಳಿದ. "ಕೇಳ್ದವ್ರು ಯಾರು?" ಎಂದಳು ಮಾದೇವಿ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ತಿಮ್ಮಣ್ಣ ಟವೆಲಿನಿಂದ ಮುಖ ಒರೆಸಿಕೊಂಡು, ಎದ್ದು, ಅವರ ಹತ್ತಿರ ಹೋಗಿ ನೆಲದ ಮೇಲೆ ಕೂತ. "ಯಾವ ಬದಿ, ಸರೀ ಹೇಳು ತಂಗಿ" ಎಂದ. ಅವನು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನೀನೂ ಕೇಳಿರಲಿಕ್ಕಿಲ್ಲ.

ಆಮೇಲೆ ಎರಡು ತಿಂಗಳು ನಿದ್ದೆ, ಊಟ ಯಾವುದರ ಪರಿವೆಯೂ ಇರಲಿಲ್ಲ ಯಾರಿಗೂ. ಇಳಿತದ ಹೊತ್ತಿಗೆ ಹೆಂಗಸರು ತಿರುವಿನಲ್ಲಿ ಸಾಲಾಗಿ ನಿಂತು ಕಾಲಿನಿಂದ ತಡಕಿ, ತಣ್ಣನೆ ನೀರು ಬಂದಲ್ಲೆಲ್ಲ ಒಂದೊಂದು ಕೋಲು ಊರಿದರು. ಕೋಲು ನಿಂತಲ್ಲಿ ಅಗೆದರೆ ಏಡಿಗಳು ಕೊರೆದು ಕೊರೆದು ದೊಡ್ಡದಾದ ಬಿಲಗಳು, ಕೈ ಹಾಕಿದರೆ ಮೊಣಕೈವರೆಗೆ ಒಳಗೆ ಹೋಗುತ್ತಿತ್ತು. ರೈತರು ಗಟ್ಟಿ ನೆಲ ಸಿಗುವವರೆಗೆ ಅಗೆದು ಜೇಡಿಮಣ್ಣು ತುಳಿದು ತುಂಬಿದರು. ಕೇಣಿಯ ಹುಡುಗರು ದೋಣಿಯಲ್ಲಿ ಚಿರೆಕಲ್ಲು ತಂದರು. ನಮ್ಮ ಭಾವಿಕೇರಿಯವರು ಬುಟ್ಟಿ ಹೊತ್ತರು, ಗಂಜಿ ಬೇಯಿಸಿದರು, ಒಬ್ಬರನ್ನೊಬ್ಬರು ಬೈದರು. ಕೊನೆಗೆ ಹಿತ್ತಲಿನ ಆ ಸಸಿಗಳನ್ನು ತಂದು ತಿರುವಿನ ಎದುರು, ಹೂಳು ಬಂದು ಕೂರುವ ಜಾಗದಲ್ಲಿ ನೆಟ್ಟೆವು. ಜಾಗ ತೋರಿಸಿದವಳು ಮಾದೇವಿ. ನಾನು ಅಳತೆ ಪಟ್ಟಿ ಹಿಡಿದು ಸಾಲು ನೇರ ಮಾಡಲು ಹೋದೆ. "ಅದು ನಿನ್ನ ಪಟ್ಟಿ ನೋಡ್ಕಂಡು ಬೆಳ್ಯೂದಿಲ್ಲಾ ತಂಗಿ, ಬಿಡು" ಎಂದಳು. ಗಮನಿಸಿದೆಯಾ? ಮೇಡಮ್ಮೋರೆ ಹೋಗಿ ತಂಗಿ ಆಗಿತ್ತು.

ಆಷಾಢದ ಅಮಾವಾಸ್ಯೆಯ ದಿನ ರಜೆ ಹಾಕಿ ಕಟ್ಟೆಗೆ ಹೋದೆ. ಮೂರು ದಿನದಿಂದ ಬಿಡದ ಮಳೆ, ಮೇಲಿಂದ ಹೊಳೆ ತುಂಬಿ ಬರುತ್ತಿತ್ತು, ಕೆಳಗಿಂದ ಸಮುದ್ರ ಏರಿ ಬರುತ್ತಿತ್ತು. ಹನ್ನೊಂದರ ಹೊತ್ತಿಗೆ ನೀರು ಕಟ್ಟೆಯ ತುದಿಗೆ ಒಂದು ಗೇಣು ಉಳಿಸಿ ನಿಂತಿತು. ಗೊರಬು ಹೊದ್ದವರು, ಕೊಡೆ ಹಿಡಿದವರು, ಏನೂ ಇಲ್ಲದೆ ನೆನೆಯುತ್ತಿದ್ದವರು, ಮೂರೂ ಊರಿನವರು ಸಾಲಾಗಿ ನಿಂತಿದ್ದೆವು. ಮಾದೇವಿ ಗದ್ದೆಯ ಕಡೆಗೆ ಇಳಿದು, ತಿರುವಿನ ಬುಡದಲ್ಲಿ ಬರಿಗಾಲು ಊರಿ ನಿಂತಳು. ಎಲ್ಲರ ಕಣ್ಣು ಅವಳ ಮುಖದ ಮೇಲೆ. ಬಹಳ ಹೊತ್ತಿನ ಮೇಲೆ ತಲೆಯ ಮೇಲಿನ ನೀರು ಒರೆಸಿಕೊಂಡು, "ಇಲ್ಲಾ, ಏನೂ ಬರೂದಿಲ್ಲಾ" ಎಂದಳು. ತಿಮ್ಮಣ್ಣ ಕೂಗಿದ್ದು ಅವರ್ಸೆಯವರೆಗೂ ಕೇಳಿರಬೇಕು. ಕಾಂಡ್ಲ ಗಿಡಗಳು ಇನ್ನೂ ಮೊಣಕಾಲೆತ್ತರ, ಅವೇ ತಡೆದವು ಎಂದರೆ ಮತ್ತೊಂದು ಸುಳ್ಳಾಗುತ್ತದೆ. ಅವುಗಳ ಕಾಲ ಮುಂದೆ ಬರುತ್ತದೆ. ಈ ವರ್ಷ ಕಟ್ಟೆಯನ್ನು ನಿಲ್ಲಿಸಿದ್ದು ಹದಿನೇಳು ಹೆಂಗಸರ ಪಾದ.

ಇಷ್ಟೆಲ್ಲ ಆದರೂ ನನ್ನ ಎದೆಯಲ್ಲಿ ಆಸ್ಪತ್ರೆಯ ಆ ಸಂಜೆ ಹಾಗೇ ಕೂತಿತ್ತು. ನೀನು ಸುಳ್ಳನ್ನು ನಂಬಿಕೊಂಡು ಹೋದೆಯಲ್ಲ... ನಿನ್ನೆ ಸಂಜೆ ಕಟ್ಟೆಯ ಮೇಲೆ ಓಡಿ ದಣಿದು ನಿಂತಿದ್ದಾಗ ಮಾದೇವಿ ಬಳಚಿನ ಬುಟ್ಟಿ ಹೊತ್ತು ಹೊಳೆಯಿಂದ ಮೇಲೆ ಬಂದಳು. ಅವಳಿಗೆ ಹೇಳಿಬಿಟ್ಟೆ. ಮಾವನಿಗೆ ಹೀಗೆ ಸುಳ್ಳು ಹೇಳಿ ಕಳಿಸಿದೆ ಮಾದೇವಕ್ಕಾ ಎಂದೆ. ಅವಳು ಬುಟ್ಟಿ ಇಳಿಸಿ ಸೊಂಟಕ್ಕೆ ಕೈಯಿಟ್ಟು ನಗತೊಡಗಿದಳು.

"ಪೋಸ್ಟಣ್ಣಂಗೆ ಎಲ್ಲಾ ಗುತ್ತಿತ್ತು ತಂಗಿ. ಅವತ್ತೇ ಬೆಳಿಗ್ಗೆ ನಾನು ಕಾರ್ವಾರಕ್ಕೆ ಹೋಗಿದ್ದೆ, ಅವ್ರನ್ನ ಕಾಣೂಕೆ. ಗಿಡಾ ಕಿತ್ತದ್ದು, ತಿಮ್ಮಣ್ಣ ಕೂಗಾಡಿದ್ದು, ನೀನು ಸುಮ್ಗೆ ನಿಂತದ್ದು, ಎಲ್ಲಾ ಹೇಳಿ, ನಿನ್ಗೆ ಚಲೋ ಬೈದು ಬಂದಿದ್ದೆ."

"ಮಾವ ಎಂತಾ ಅಂದ್ರು?" ಎಂದೆ.

"ಕೇಳಿ ನಗ್ಯಾಡಿದ್ರು. ನಗ್ಯಾಡಿ ಕೆಮ್ಮು ಬಂದು ನರ್ಸಮ್ಮ ನನ್ನ ಹೊರಗೆ ಕಳ್ಸಿದ್ಲು. ಹೊರಡೂವಾಗೆ ಕೈಸನ್ನೆ ಮಾಡಿ ಕರೆದು ಹೇಳಿದ್ರು. 'ಅವ್ಳು ಸಂಜೆಗೆ ಬತ್ತಳೆ, ಎಲ್ಲಾ ಸರಿ ಅದೆ ಅಂತ ಹೇಳ್ತಳೆ ನೋಡು. ನಾನೂ ಹೌದು ಅಂತೇನೆ. ಆದ್ರೆ ಒಂದಿನಾ ಅವ್ಳು ನಿನ್ ಬಾಗ್ಲಿಗೆ ಬತ್ತಳೆ ಮಾದೇವಿ. ಬೈಯೂದಾದ್ರೆ ಬೈ. ನಿಲ್ಸಿ ಬೈಬ್ಯಾಡಾ, ಕೂಡ್ಸಿ ಬೈ.' ಹಂಗಂದ್ರು."

ಮಾವಾ! ಎಂಥ ಮನುಷ್ಯ ನೀನು? ಮೂಗಿನಲ್ಲಿ ನಳಿಕೆ ಇಟ್ಟುಕೊಂಡು, ಎಲ್ಲ ಗೊತ್ತಿದ್ದೂ, "ಎಲ್ ಕೂತಿದ್ರು, ಚಾ ಕುಡದ್ರಾ" ಎಂದು ಕೇಳಿ ಕೇಳಿ ನನ್ನಿಂದ ಸುಳ್ಳು ಹೇಳಿಸಿದೆಯಲ್ಲ! ನಾನು ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಾಗ ನೀನು ಒಳಗೊಳಗೇ ನಗುತ್ತಿದ್ದೆಯೋ ಏನೋ. ನಿನ್ನೆ ಕಟ್ಟೆಯ ಮೇಲೆ ನಾನೂ ಮಾದೇವಿಯೂ ನಕ್ಕು ನಕ್ಕು ಬೀಳುವುದೊಂದು ಬಾಕಿ. ಈ ಕಾಗದವನ್ನು ನಿನ್ನಲ್ಲಿ ಕ್ಷಮೆ ಕೇಳಲೆಂದು ಶುರುಮಾಡುವವಳಿದ್ದೆ. ಇನ್ನು ಕೇಳುವುದಿಲ್ಲ, ಹೋಗು. ನೀನು ನನಗೆ ಮಾಡಿದ್ದೇನು ಕಡಿಮೆಯೇ?

ಹಾಗಾದರೆ ನಿನಗೆ ಗೊತ್ತಿಲ್ಲದ ಸುದ್ದಿ ಯಾವುದಾದರೂ ಉಳಿದಿದೆಯಾ? ಒಂದಿದೆ. ಕಳೆದ ಸಭೆಯಲ್ಲಿ ಮಾದೇವಿಯನ್ನು ಒಕ್ಕೂಟದ ಅಧ್ಯಕ್ಷೆ ಮಾಡಿದರು, ಹೆಸರು ಹೇಳಿದವನು ತಿಮ್ಮಣ್ಣ. ಕಾರ್ಯದರ್ಶಿ ಎಂದಿನಂತೆ ನಾನೇ ಎಂದು ನಾನು ಪೆನ್ನಿನ ಮುಚ್ಚಳ ತೆಗೆದಿದ್ದೆ. ಹೊಸ ಅಧ್ಯಕ್ಷೆಯ ಮೊದಲ ಮಾತು ಕೇಳು: "ತಂಗಿ ಬ್ಯಾಡಾ. ಬರ್ಯೂಕೆ ಕೇಣಿ ಹುಡುಗ್ರು ಇದ್ರು. ಅವ್ಳು ಒಂದ್ ವರ್ಷ ನಮ್ ಸಂಗ್ತಿಗೆ ಹೊಳೆಗೆ ಬರ್ಲಿ. ಹೊಳೆ ಕಲ್ತ್ ಮ್ಯಾನೆ ಬೇಕಾರೆ ಬರ್ಯೂಕೆ ಕೂರ್ಲಿ." ಎಲ್ಲರೂ ಕೈ ಎತ್ತಿದರು. ನನ್ನನ್ನು ತೆಗೆದುಹಾಕಿದರು ಮಾವಾ! ಒಂದು ಕೈಯೂ ನನ್ನ ಪರ ಇರಲಿಲ್ಲ, ನನ್ನ ಕೈಯೂ ಮೇಲೆಯೇ ಇತ್ತು. ಅಂದಿನಿಂದ ಕುಣಿಯುತ್ತಾ ಇದ್ದೇನೆ.

ಮೊನ್ನೆ ಹುಣ್ಣಿಮೆಯಾಯಿತು. ನಾಳೆ ಬೆಳಿಗ್ಗೆ ಏಳಕ್ಕೆ ಇಳಿತ. ಹಳೆಯ ಸೀರೆ ತೆಗೆದಿಟ್ಟಿದ್ದೇನೆ, ಮಾದೇವಿ ತನ್ನ ಸೊಸೆಯ ಬುಟ್ಟಿ ಕೊಡುತ್ತಾಳಂತೆ. ಕಳೆದ ವರ್ಷ ಅವರು ಬಿಟ್ಟ ಆ ಬಯಲು ಈಗ ಬಲಿತಿದೆಯಂತೆ, ನಾಳೆ ಅದರಲ್ಲಿಯೇ ಇಳಿಯುವುದು. ನಾನು ಮೊಣಕಾಲಿನವರೆಗೆ ಹೂತುಹೋಗಿ ಬೀಳುವುದನ್ನು ನೋಡಲು ಇಡೀ ಕೇರಿ ದಂಡೆಗೆ ಬರುತ್ತದಂತೆ.

ನೀನೂ ಬಾ.

ನಿನ್ನ ಸೋದರ ಸೊಸೆ,
ನಿಮ್ಮಿ